‘ನಾಳೆ ಕೆಲಸ ಬಿಟ್ಟರೆ ಏನಾಗುತ್ತೆ?’ – ಹೌಸ್‌ಕೀಪಿಂಗ್ ಕಂಪನಿಗಳಲ್ಲಿ ಬಲವಂತದ ದುಡಿಮೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದೊಂದು ಹೌಸ್‌ಕೀಪಿಂಗ್ ಕಂಪನಿ ಇದೆ. ಐದು ಸೈಟು, ಒಟ್ಟು 160 ಕೆಲಸಗಾರರು. ಒಂದು ಸೈಟು ಬ್ರಿಟನ್ ಮೂಲದ ಕಂಪನಿಯ ಆಫೀಸು. ಕಾಂಟ್ರಾಕ್ಟ್ ಮುಂದುವರಿಸುವ ಮೊದಲು ಅವರು 14 ಪುಟದ ಫಾರಂ ಕಳಿಸಿದ್ದಾರೆ. ನಿಮ್ಮಲ್ಲಿ, ನಿಮಗೆ ಜನ ಕೊಡುವವರಲ್ಲಿ, ಸಾಮಾನು ಮಾರುವವರಲ್ಲಿ ಬಲವಂತದ ದುಡಿಮೆ ಇದೆಯೇ, ತಡೆಯಲು ಏನು ಮಾಡುತ್ತೀರಿ ಅಂತ ಕೇಳಿದ್ದಾರೆ. ನಾವು ಯಾರನ್ನೂ ಕಟ್ಟಿಹಾಕಿಲ್ಲ. ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಹಾಕಿ ಕಳಿಸಿದರೆ ಸಾಕಲ್ವಾ? ಗ್ಲೌಸು, ಸೋಪು ಎಲ್ಲಿ ತಯಾರಾಗುತ್ತೆ ಅಂತ ನಾನೆಲ್ಲಿ ಹುಡುಕಿಕೊಂಡು ಹೋಗಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಎಲ್ಲದಕ್ಕೂ ‘ಇಲ್ಲ’ ಅಂತ ತುಂಬಿದ ಫಾರಂ ಕಂಡರೆ ನನಗೆ ಮೊದಲು ಬರುವುದೇ ಅನುಮಾನ. ಇಂಥ ಫಾರಂ ಓದುವುದು, ಆಮೇಲೆ ಸೈಟಿಗೆ ಹೋಗಿ ನೋಡುವುದು ನನ್ನ ಹಳೆಯ ಕೆಲಸ. ಐದು ಸೈಟು, 160 ಜನ, ಒಂದೂ ತೊಂದರೆ ಇಲ್ಲ ಅಂದರೆ ಯಾರೂ ಹೋಗಿ ನೋಡಿಲ್ಲ ಅಂತಲೇ ಲೆಕ್ಕ.

ಅವರು ಸುಮ್ನೆ ಕೇಳುತ್ತಿಲ್ಲ. ಬ್ರಿಟನ್ನಿನಲ್ಲಿ 2015ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ಬಂತು. ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟು ಇರುವ ಕಂಪನಿ, ತನ್ನಲ್ಲೂ ತನಗೆ ಸರಕು ಮತ್ತು ಸೇವೆ ಒದಗಿಸುವವರಲ್ಲೂ ಗುಲಾಮಗಿರಿ ತಡೆಯಲು ಏನು ಮಾಡಿದೆ ಅಂತ ಪ್ರತಿವರ್ಷ ಹೇಳಿಕೆ ಕೊಡಬೇಕು. ಅದಕ್ಕೆ ನಿರ್ದೇಶಕರೊಬ್ಬರ ಸಹಿ ಬೇಕು. ಆಸ್ಟ್ರೇಲಿಯಾದಲ್ಲೂ 2018ರಲ್ಲಿ ಇಂಥದ್ದೇ ಕಾಯ್ದೆ ಬಂತು. ಸಹಿ ಹಾಕುವವರು ಅಲ್ಲಿ, ನೆಲ ಒರೆಸುವವರು ಇಲ್ಲಿ, ನಡುವೆ ನೀವು. ಹಾಗಾಗಿ ಫಾರಂ ನಿಮ್ಮ ಟೇಬಲ್ಲಿಗೆ ಬಂದಿದೆ.

ಈಗ ನಿಮ್ಮ ‘ಕಟ್ಟಿಹಾಕಿಲ್ಲ’ ಎಂಬ ಮಾತಿಗೆ ಬರೋಣ. ಜೀತ ಅಂದ ಕೂಡಲೇ ನಮಗೆ ಕಣ್ಣಿಗೆ ಬರುವುದು ಹಳ್ಳಿ, ಸಾಹುಕಾರರ ಮನೆಯ ಕೊಟ್ಟಿಗೆ, ಅಪ್ಪ ಮಾಡಿದ ಸಾಲಕ್ಕೆ ದನ ಕಾಯುವ ಹುಡುಗ. ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೊಂದಿಗೆ ಮುಗಿದ ಕಥೆ ಅಂದುಕೊಂಡಿದ್ದೇವೆ. ಆದರೆ ನಮ್ಮ ಸುಪ್ರೀಂ ಕೋರ್ಟ್ ಬಲವಂತದ ದುಡಿಮೆಗೆ ಕೊಟ್ಟ ಅರ್ಥ ಇದಕ್ಕಿಂತ ಬಹಳ ದೊಡ್ಡದು. ಆ ತೀರ್ಪು ಬಂದಿದ್ದು ದೆಹಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ವಿಚಾರದಲ್ಲಿ, 1982ರಲ್ಲಿ. ಅಲ್ಲಿ ಕೂಲಿಗಳಿಗೆ ದಿನಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ ಇತ್ತು. ಗುತ್ತಿಗೆದಾರರು ಆ ದುಡ್ಡನ್ನು ಜಮಾದಾರರ, ಅಂದರೆ ಕೂಲಿಗಳನ್ನು ಕರೆತರುವ ಮಧ್ಯವರ್ತಿಗಳ ಕೈಗೆ ಕೊಡುತ್ತಿದ್ದರು. ಜಮಾದಾರರು ತಲೆಗೆ ಒಂದು ರೂಪಾಯಿ ಕಮಿಷನ್ ಹಿಡಿದು ಉಳಿದದ್ದನ್ನು ಹಂಚುತ್ತಿದ್ದರು. ಹಸಿವು, ಬಡತನದಿಂದಾಗಿ ಬೇರೆ ದಾರಿ ಇಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ಹೇಳಿತು. ‘ಕೆಲಸ ಗುತ್ತಿಗೆದಾರನದ್ದು, ನಮಗೇನು’ ಅಂತ ಕೆಲಸ ಮಾಡಿಸಿದ ಸರ್ಕಾರಿ ಸಂಸ್ಥೆಗಳು ಕೈತೊಳೆದುಕೊಳ್ಳುವ ಹಾಗಿಲ್ಲ ಅಂತಲೂ ಹೇಳಿತು. ಆ ಜಮಾದಾರ ಈಗಲೂ ಇದ್ದಾನೆ. ಹೆಸರು ಬದಲಾಗಿದೆ, ಅಷ್ಟೇ. ಕೆಲವು ಕಡೆ ಮೇಸ್ತ್ರಿ, ಕೆಲವು ಕಡೆ ಏಜೆಂಟ್, ಇನ್ನು ಕೆಲವು ಕಡೆ ನಿಮ್ಮದೇ ಸೂಪರ್‌ವೈಸರ್.

ಹಾಗಾದರೆ ಪತ್ತೆ ಮಾಡುವುದು ಹೇಗೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹನ್ನೊಂದು ಗುರುತುಗಳ ಪಟ್ಟಿ ಕೊಟ್ಟಿದೆ. ಸಂಬಳ ತಡೆಹಿಡಿಯುವುದು, ಗುರುತಿನ ಚೀಟಿ ಕಿತ್ತಿಟ್ಟುಕೊಳ್ಳುವುದು, ಸಾಲದಲ್ಲಿ ಸಿಕ್ಕಿಸುವುದು, ಬೆದರಿಸುವುದು, ಓಡಾಡಲು ಬಿಡದಿರುವುದು, ಮಿತಿಮೀರಿದ ಓಟಿ ಎಲ್ಲಾ ಅದರಲ್ಲಿವೆ. ಪಟ್ಟಿ ಚೆನ್ನಾಗಿದೆ. ಆದರೆ ಸೈಟಿಗೆ ಹೋದಾಗ ನಾನು ಕೇಳುವುದು ಒಂದೇ ಪ್ರಶ್ನೆ: ‘ನಾಳೆ ಬೆಳಗ್ಗೆ ಈ ಕೆಲಸ ಬೇಡ ಅಂತ ಹೊರಟರೆ ಏನಾಗುತ್ತೆ?’

‘ಏನಾಗುತ್ತೆ ಸಾರ್, ಬೇರೆ ಕಡೆ ಸೇರ್ಕೋತೀನಿ’ ಅಂದರೆ ನೆಮ್ಮದಿ. ‘ಎರಡು ತಿಂಗಳ ಸಂಬಳ ಬಾಕಿ ಇದೆಯಲ್ಲ’ ಅಂದರೆ ಪೆನ್ನು ತೆಗೆಯಿರಿ. ‘ಆಧಾರ್ ಅವರ ಹತ್ರ ಇದೆ’, ‘ಬಂದಾಗ ಕೊಟ್ಟ ದುಡ್ಡು ಇನ್ನೂ ತೀರಿಲ್ಲ’, ‘ರೂಮು ಅವರದ್ದೇ, ರಾತ್ರಿ ಎಲ್ಲಿಗೆ ಹೋಗ್ಲಿ’ – ಇವೆಲ್ಲ ಬೀಗಗಳೇ, ಕಬ್ಬಿಣದ್ದಲ್ಲ ಅಷ್ಟೇ. ಪಶ್ಚಿಮ ಬಂಗಾಳ, ಅಸ್ಸಾಂ ಕಡೆಯವರಿಂದ ಇನ್ನೊಂದು ಉತ್ತರವೂ ಸಿಗಬಹುದು: ‘ಬಿಟ್ಟು ಹೋದ್ರೆ ಬಾಂಗ್ಲಾದವನು ಅಂತ ಪೊಲೀಸರಿಗೆ ಹೇಳ್ತಾರಂತೆ’. ಈ ಬೆದರಿಕೆಯನ್ನು ತಮಾಷೆ ಅಂತ ತಳ್ಳಿಹಾಕಬೇಡಿ.

ಈ ಪ್ರಶ್ನೆಯನ್ನು ನೀವೇ ಕ್ಯಾಬಿನ್‌ಗೆ ಕರೆಸಿ ಕೇಳಿದರೆ ಉಪಯೋಗವಿಲ್ಲ. ಮಾಲೀಕರ ಮುಂದೆ ಯಾರು ನಿಜ ಹೇಳುತ್ತಾರೆ? ಸೂಪರ್‌ವೈಸರ್ ಪಕ್ಕದಲ್ಲಿ ನಿಂತು ಹಿಂದಿಯಿಂದ ಕನ್ನಡಕ್ಕೆ ಅನುವಾದ ಮಾಡುತ್ತಿದ್ದರಂತೂ ಅದು ಬರೀ ನಾಟಕ. ಕೆಲಸಗಾರರ ಭಾಷೆ ಬರುವ ಹೊರಗಿನವರೊಬ್ಬರು ಬೇಕು. ಒಡಿಶಾದವರಿಗೆ ಒಡಿಯಾ, ರಾಯಚೂರು ಯಾದಗಿರಿಯಿಂದ ಬಂದ ಹೆಂಗಸರಿಗೆ ಆ ಕಡೆಯ ಕನ್ನಡ ಬಲ್ಲ ಒಬ್ಬ ಹೆಣ್ಣುಮಗಳು. ಶಿಫ್ಟ್ ಮುಗಿದ ಮೇಲೆ, ಟೀ ಅಂಗಡಿ ಹತ್ತಿರವೋ ಬಸ್ ಸ್ಟಾಪಿನಲ್ಲೋ ಮಾತಾಡಲಿ. ಹೆಸರು ಬರೆದುಕೊಳ್ಳುವುದು ಬೇಡ.

ಕಾಗದಗಳನ್ನು ನೋಡಬೇಡಿ ಅಂತಲ್ಲ, ನೋಡುವ ಕಣ್ಣು ಬೇರೆ ಇರಬೇಕು. ಒಂದು ಸೈಟಿನಲ್ಲಿ ನನಗೆ ತೋರಿಸಿದ ದಾಖಲೆಗಳು ಕನ್ನಡಿಯ ಹಾಗಿದ್ದವು. ಸಂಬಳ ಎಲ್ಲರ ಬ್ಯಾಂಕ್ ಖಾತೆಗೇ ಹೋಗಿತ್ತು, ಕನಿಷ್ಠ ಕೂಲಿಗೆ ಒಂದು ಪೈಸೆಯೂ ಕಮ್ಮಿ ಇರಲಿಲ್ಲ. ಹಾಳೆ ತಿರುವುತ್ತಾ ಹೋದರೆ ಹನ್ನೊಂದು ಜನರ ಮುಂದೆ ಒಂದೇ ಮೊಬೈಲ್ ನಂಬರ್. ಅದು ಸೂಪರ್‌ವೈಸರ್‌ದು. ಅವನ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಎಟಿಎಂ ಕಾರ್ಡುಗಳ ಕಟ್ಟು, ಹಿಂದೆ ಪೆನ್ನಿನಲ್ಲಿ ಬರೆದ ಪಿನ್ ನಂಬರ್. ‘ಅವರಿಗೆ ಎಟಿಎಂ ಗೊತ್ತಾಗಲ್ಲ ಸಾರ್, ನಾನೇ ತೆಗೆದು ಕೊಡ್ತೀನಿ’ ಅಂದ. ತೆಗೆದುಕೊಡುವ ಕೂಲಿ ತಲೆಗೆ 1,500 ರೂಪಾಯಿ. ಏಷ್ಯಾಡ್ ಜಮಾದಾರನ ಒಂದು ರೂಪಾಯಿಯೇ ಬ್ಯಾಂಕ್ ಖಾತೆ ತೆರೆದುಕೊಂಡು ಬಂದ ಹಾಗಿತ್ತು. ಆ ಕಂಪನಿಯ ಮಾಲೀಕರಿಗೆ ನಿಜವಾಗಿಯೂ ಇದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಪ್ರಯತ್ನವನ್ನೂ ಮಾಡಿರಲಿಲ್ಲ. ನಿಮ್ಮ ಪಿಎಫ್ ಪಟ್ಟಿ ಮತ್ತು ಬ್ಯಾಂಕ್ ಪಟ್ಟಿಯಲ್ಲಿ ಒಂದೇ ಮೊಬೈಲ್ ನಂಬರ್ ಎಷ್ಟು ಸಲ ಬಂದಿದೆ ಅಂತ ಇವತ್ತೇ ನೋಡಿ. ಅರ್ಧ ಗಂಟೆಯ ಕೆಲಸ.

ಆಮೇಲೆ, ಜನ ನಿಮ್ಮ ಹತ್ತಿರ ಹೇಗೆ ಬಂದರು ಅಂತ ಕೇಳಿ. ಕೆಲಸ ಕೊಡಿಸಲು ಏಜೆಂಟ್ ಅವರಿಂದಲೇ ದುಡ್ಡು ಇಸ್ಕೊಂಡಿದ್ದರೆ, ರೈಲು ಚಾರ್ಜು, ಯೂನಿಫಾರ್ಮು, ಪೊಲೀಸ್ ವೆರಿಫಿಕೇಶನ್ ಅಂತ ಮೊದಲ ತಿಂಗಳೇ ಕಟಿಂಗ್ ಆಗಿದ್ದರೆ, ಆ ಮನುಷ್ಯ ಕೆಲಸಕ್ಕೆ ಸೇರಿದ ದಿನವೇ ಸಾಲಗಾರ. ಸೇರಿಸುವ ಖರ್ಚು ಕೆಲಸ ಕೊಡುವವರದ್ದು, ಕೆಲಸಗಾರರದ್ದಲ್ಲ. ಇದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನಿಲುವು. ಏಜೆಂಟನಿಗೆ ತಲೆಗೆ ಇಷ್ಟು ಅಂತ ನೀವೇ ಕೊಡಿ, ಬಿಲ್ ತಗೊಳ್ಳಿ. ಕೆಲಸಗಾರರಿಂದ ಒಂದು ರೂಪಾಯಿ ತಗೊಂಡಿದ್ದು ಗೊತ್ತಾದರೂ ವಾಪಸ್ ಕೊಡಬೇಕು ಅಂತ ಕರಾರಿನಲ್ಲಿ ಬರೆಸಿ. ಸಬ್ ಕಾಂಟ್ರಾಕ್ಟ್ ಕೊಟ್ಟಿದ್ದರೆ ಅಲ್ಲೂ ಇದೇ ನಿಯಮ. ರಾತ್ರಿ ಪಾಳಿ, ಗಾಜು ಒರೆಸುವುದು, ಟ್ಯಾಂಕ್ ತೊಳೆಯುವುದು ಇಂಥದ್ದನ್ನೆಲ್ಲ ಬೇರೆಯವರಿಗೆ ಕೊಟ್ಟು ಮರೆತುಬಿಡುತ್ತೇವೆ. ಆದರೆ ಅಲ್ಲಿ ಸಂಬಳ ಆಗದಿದ್ದರೆ ಮೇಲಿನವರೇ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಅದು ಉಳಿದಿದೆ.

ಇನ್ನು ಗ್ಲೌಸು, ಸೋಪು. ಪ್ರತಿಯೊಂದು ಡಬ್ಬದ ಜಾತಕ ಹುಡುಕಲು ಯಾರಿಂದಲೂ ಆಗಲ್ಲ. ಹೆಚ್ಚು ದುಡ್ಡು ಹೋಗುವ, ಅಪಾಯ ಜಾಸ್ತಿ ಇರುವ ಮೂರು ವಸ್ತು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ರಬ್ಬರ್ ಗ್ಲೌಸು, ಯೂನಿಫಾರ್ಮು, ಸೋಪು.

ಗ್ಲೌಸು ಯಾಕೆ ಅಂದರೆ, ಮಲೇಷ್ಯಾದ ಟಾಪ್ ಗ್ಲೋವ್ ಜಗತ್ತಿನ ಅತಿ ದೊಡ್ಡ ರಬ್ಬರ್ ಗ್ಲೌಸ್ ಕಂಪನಿಗಳಲ್ಲಿ ಒಂದು. 2020ರ ಜುಲೈನಲ್ಲಿ, ಇಡೀ ಜಗತ್ತು ಕೊರೊನಾದಿಂದ ಗ್ಲೌಸಿಗೆ ಪರದಾಡುತ್ತಿದ್ದಾಗಲೇ, ಬಲವಂತದ ದುಡಿಮೆಯ ಕಾರಣ ಕೊಟ್ಟು ಅಮೆರಿಕದ ಕಸ್ಟಮ್ಸ್ ಆ ಕಂಪನಿಯ ಎರಡು ಅಂಗಸಂಸ್ಥೆಗಳ ಮಾಲು ತಡೆಯಿತು. ನೇಪಾಳ, ಬಾಂಗ್ಲಾದೇಶದಿಂದ ಬಂದವರು ಏಜೆಂಟರಿಗೆ ದುಡ್ಡು ಸುರಿದು, ಸಾಲ ಹೊತ್ತು ಅಲ್ಲಿ ದುಡಿಯುತ್ತಿದ್ದರು. ಕಂಪನಿ ಆ ಏಜೆಂಟ್ ಶುಲ್ಕವನ್ನು ಕೆಲಸಗಾರರಿಗೆ ವಾಪಸ್ ಕೊಡಬೇಕಾಯಿತು. ತಡೆ ತೆರವಾಗಿದ್ದು 2021ರ ಸೆಪ್ಟೆಂಬರಿನಲ್ಲಿ. ಸೋಪಿಗೆ ಬೇಕಾದ ತಾಳೆ ಎಣ್ಣೆಯದ್ದೂ ಇದೇ ಕಥೆ. 2020ರಲ್ಲೇ ಮಲೇಷ್ಯಾದ ಎರಡು ದೊಡ್ಡ ಕಂಪನಿಗಳ ಎಣ್ಣೆಗೆ ಅಮೆರಿಕ ತಡೆ ಹಾಕಿತ್ತು. ಯೂನಿಫಾರ್ಮಿನ ಮೂಲ ಹುಡುಕಲು ಅಷ್ಟು ದೂರ ಹೋಗಬೇಕಿಲ್ಲ. ಪಕ್ಕದ ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಅನ್ನುವ ಪದ್ಧತಿ ಇತ್ತು. ಮದುವೆಯಾಗದ ಹುಡುಗಿಯರನ್ನು ಮೂರು ವರ್ಷಕ್ಕೆ ಸೇರಿಸಿಕೊಳ್ಳುವುದು, ಹಾಸ್ಟೆಲಿನಲ್ಲಿ ಇಡುವುದು, ಮದುವೆ ಖರ್ಚಿಗೆ ಆಗುತ್ತೆ ಅಂತ ಇಡಿಗಂಟನ್ನು ಕೊನೆಯಲ್ಲಿ ಕೊಡುವುದು. ನಡುವೆ ಬಿಟ್ಟವರಿಗೆ ಗಂಟು ಇಲ್ಲ. ಹೆಸರೇನೋ ಮಂಗಳಕರ! ‘ನಾಳೆ ಬಿಟ್ಟರೆ ಏನಾಗುತ್ತೆ’ ಅಂತ ಆ ಹುಡುಗಿಯನ್ನು ಕೇಳಿದ್ದರೆ ಅವಳ ಉತ್ತರ ಏನಿರುತ್ತಿತ್ತು, ನೀವೇ ಊಹಿಸಿ.

ಡೀಲರನ್ನು ಕೇಳಬೇಕಾದದ್ದು ಇಷ್ಟು: ಗ್ಲೌಸು ಯಾವ ಫ್ಯಾಕ್ಟರಿಯದ್ದು, ಯೂನಿಫಾರ್ಮ್ ಹೊಲಿದವರು ಯಾರು, ಬಟ್ಟೆ ಯಾವ ಗಿರಣಿಯದ್ದು. ‘ಗೊತ್ತಿಲ್ಲ’ ಅಂದರೆ ಅದನ್ನೇ ಫಾರಂನಲ್ಲಿ ಬರೆಯಿರಿ. ‘ಸೋಪಿನ ತಾಳೆ ಎಣ್ಣೆ ಎಲ್ಲಿಯದು ಅಂತ ಡೀಲರ್ ಹೇಳಲಿಲ್ಲ, ಆರು ತಿಂಗಳಲ್ಲಿ ಹೇಳುವವರ ಹತ್ತಿರ ಖರೀದಿ ಶುರು ಮಾಡುತ್ತೇವೆ’ ಎಂಬ ಒಂದು ವಾಕ್ಯ ನಲವತ್ತು ಟಿಕ್ಕುಗಳಿಗಿಂತ ತೂಕದ್ದು. ಓದುವವರಿಗೂ ಅದು ಗೊತ್ತು.

ಒಂದು ಎಚ್ಚರಿಕೆ. ಹುಡುಕಿದರೆ ಏನಾದರೂ ಸಿಗಬಹುದು. ಸಿಕ್ಕಾಗ ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಆ ಮೇಸ್ತ್ರಿಯನ್ನು ತೆಗೆದುಹಾಕಿ, ಅವನ ಜನರನ್ನು ರಾತ್ರೋರಾತ್ರಿ ರೈಲು ಹತ್ತಿಸಿಬಿಡುತ್ತಾರೆ. ಕಂಪನಿ ಕೈ ತೊಳೆದುಕೊಂಡಿತು, ಕೆಲಸಗಾರ ಬರಿಗೈಲಿ ಊರಿಗೆ ಹೋದ. ಹೀಗೆ ಮಾಡಬೇಡಿ. ಮೊದಲು ಬಾಕಿ ಸಂಬಳ ಮತ್ತು ಅವರ ಕಾಗದಪತ್ರ ಅವರ ಕೈಗೆ ಕೊಡಿಸಿ. ಸಾಲ ಕೊಟ್ಟು ಹಿಡಿದಿಟ್ಟುಕೊಂಡ ಪ್ರಕರಣವಾದರೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ತಿಳಿಸಿ. 1976ರ ಕಾಯ್ದೆ ಪ್ರಕಾರ ಆ ಸಾಲ ಅಲ್ಲಿಗೇ ರದ್ದು. ಜೀತ ಮಾಡಿಸಿದವರಿಗೆ ಮೂರು ವರ್ಷದವರೆಗೆ ಜೈಲು. ಅಧಿಕಾರಿಗಳು ಕೊಡುವ ಬಿಡುಗಡೆ ಪತ್ರ ಕೆಲಸಗಾರರ ಪಾಲಿಗೆ ಬಹಳ ಮುಖ್ಯ. 2016ರ ಕೇಂದ್ರ ಯೋಜನೆಯಲ್ಲಿ ಬಿಡುಗಡೆಯಾದ ಗಂಡಸಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ತೀರಾ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಪುನರ್ವಸತಿ ನೆರವು ಇದೆ. ರಾತ್ರಿ ರೈಲಿನಲ್ಲಿ ಹೋದವರ ಹತ್ತಿರ ಆ ಪತ್ರ ಇರುವುದಿಲ್ಲ.

ಪ್ರಶ್ನೆ: ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್. ಅಡ್ವಾನ್ಸ್ ಕೊಡುವುದು ಜೀತ ಅಂತ ಹೇಳುತ್ತಾರೆ. ಆದರೆ ಹುಡುಗರು ತಾವೇ ಬಂದು ಕೇಳ್ತಾರೆ. ಕೊಟ್ಟ ಮೇಲೆ ಆಧಾರ್ ಇಟ್ಟುಕೊಳ್ಳದಿದ್ದರೆ ಓಡಿಹೋಗ್ತಾರೆ. ಆಫೀಸಿನವರು ನನ್ನ ಸಂಬಳದಲ್ಲಿ ಹಿಡೀತಾರೆ. ನಾನೇನು ಮಾಡಲಿ?
– ವೈಟ್‌ಫೀಲ್ಡ್

ಉತ್ತರ: ನಿಮ್ಮ ಕಷ್ಟ ನಿಜವಾದದ್ದೇ. ನೀವೇ ಇಬ್ಬರ ನಡುವೆ ಸಿಕ್ಕಿಕೊಂಡಿದ್ದೀರಿ.

ಅಡ್ವಾನ್ಸ್ ಕೊಟ್ಟ ಮಾತ್ರಕ್ಕೆ ಜೀತ ಆಗುವುದಿಲ್ಲ. ಅಮ್ಮನಿಗೆ ಆಪರೇಷನ್ ಅಂತ ಬಂದವನಿಗೆ ಕೊಡಲೇಬೇಕು. ‘ತೀರುವ ತನಕ ಬೇರೆ ಕಡೆ ಹೋಗುವ ಹಾಗಿಲ್ಲ, ಕೊಟ್ಟಷ್ಟಕ್ಕೆ ದುಡಿ’ ಅಂತ ಆದಾಗ ಅದು ಜೀತ. ಆಧಾರ್ ಇಟ್ಟುಕೊಳ್ಳುವುದರ ಅರ್ಥ ಅದೇ ತಾನೆ? ನಿಮ್ಮ ಮನಸ್ಸಿನಲ್ಲಿ ಅದು ಗ್ಯಾರಂಟಿ ಇರಬಹುದು, ಅವನಿಗೆ ಅದು ಬೀಗ. ಇವತ್ತೇ ವಾಪಸ್ ಕೊಡಿ. ಫೈಲಿಗೆ ಜೆರಾಕ್ಸ್ ಸಾಕು.

ಅಡ್ವಾನ್ಸನ್ನು ನಿಮ್ಮ ಜೇಬಿನಿಂದ ಕೊಡಬೇಡಿ, ಕಂಪನಿಯಿಂದ ಕೊಡಿಸಿ. ಬಡ್ಡಿ ಬೇಡ. ತಿಂಗಳಿಗೆ ಎಷ್ಟು ಮುರಿದುಕೊಳ್ಳುತ್ತಾರೆ ಅಂತ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಒಂದು ಪ್ರತಿ ಅವನಿಗೂ ಕೊಡಿ. ಎಲ್ಲಾ ಕಟಿಂಗ್ ಸೇರಿ ಅರ್ಧ ಸಂಬಳ ದಾಟುವ ಹಾಗಿಲ್ಲ ಅನ್ನುವುದು ಕಾನೂನು. ಬಿಟ್ಟು ಹೊರಟರೆ ಕೊನೆಯ ಲೆಕ್ಕದಲ್ಲಿ ಕಾನೂನು ಒಪ್ಪುವಷ್ಟು ಮುರಿದುಕೊಂಡು, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಅವನನ್ನು ಮಾತ್ರ ತಡೆಯುವ ಹಾಗಿಲ್ಲ. ಒಬ್ಬಿಬ್ಬರು ಬಾಕಿ ಇಟ್ಟು ಹೋಗಬಹುದು. ಅದು ವ್ಯಾಪಾರದ ನಷ್ಟ, ಕಂಪನಿ ಹೊರಲಿ. ನಿಮ್ಮ ಸಂಬಳದಲ್ಲಿ ಹಿಡಿಯುವುದು ತಪ್ಪು ಅಂತ ಬರವಣಿಗೆಯಲ್ಲಿ ಕೇಳಿ. ನಿಮ್ಮನ್ನು ಹಾಗೆ ಒತ್ತಿದ್ದಕ್ಕೇ ನೀವು ಅವರನ್ನು ಒತ್ತಿದಿರಿ.

ಇನ್ನೊಂದು ಮಾತು. ‘ಓಡಿಹೋಗ್ತಾರೆ’ ಅಂತೀರಲ್ಲ, ಅವರಿಗೆ ವಾರದ ರಜೆ ಕೊಟ್ಟು ಎಷ್ಟು ದಿನ ಆಯಿತು? ನಾನು ನೋಡಿದ ಸೈಟುಗಳಲ್ಲಿ ಜನ ಹೆಚ್ಚಾಗಿ ಓಡಿದ್ದು ಸಾಲಕ್ಕೆ ಹೆದರಿ ಅಲ್ಲ. ರಿಲೀವರ್ (ಬದಲಿ ಕೆಲಸಗಾರ) ಇಲ್ಲ ಅಂತ ಒಂದರ ಹಿಂದೆ ಒಂದು ಶಿಫ್ಟ್ ಹಾಕಿಸಿಕೊಂಡು ಸುಸ್ತಾಗಿ ಓಡಿದ್ದು.

ಪ್ರಶ್ನೆ: ನನ್ನ ಅಕ್ಕ ಆಫೀಸ್ ಕ್ಲೀನಿಂಗ್ ಕೆಲಸ ಬಿಟ್ಟಳು. ಎರಡು ತಿಂಗಳ ಸಂಬಳ ಕೊಟ್ಟಿಲ್ಲ. ‘ನೋಟಿಸ್ ಕೊಡದೆ ಬಿಟ್ಟೆ, ಸಿಗಲ್ಲ’ ಅಂತಾರೆ. ಎಲ್ಲಿಗೆ ಹೋಗಬೇಕು?
– ತುಮಕೂರು

ಉತ್ತರ: ದುಡಿದ ದಿನದ ಸಂಬಳವನ್ನು ಇಡಿಯಾಗಿ ನುಂಗಲು ನೋಟಿಸ್ ನೆಪವಾಗುವುದಿಲ್ಲ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214ಕ್ಕೆ ಫೋನ್ ಮಾಡಿ, ಇಲ್ಲವೇ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಉಚಿತ ಕಾನೂನು ನೆರವಿಗೆ 15100. ಅಕ್ಕನ ಫೋನಿನಲ್ಲಿರುವ ಹಾಜರಾತಿ ಫೋಟೋ, ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಸಂದೇಶ, ಐಡಿ ಕಾರ್ಡ್, ಪಿಎಫ್ ಪಾಸ್‌ಬುಕ್ ಯಾವುದನ್ನೂ ಅಳಿಸಬೇಡಿ. ದೂರಿನ ಒಂದು ಪ್ರತಿಯನ್ನು ಅಕ್ಕ ಗುಡಿಸುತ್ತಿದ್ದ ಆ ಆಫೀಸಿನ ಕಂಪನಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ. ಎಷ್ಟೋ ಸಲ ದುಡ್ಡು ಬೇಗ ಬರುವುದು ಆ ಪ್ರತಿಯಿಂದಲೇ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಹೌಸ್‌ಕೀಪಿಂಗ್ ಕೊಟೇಶನ್ ತರಿಸಿದ್ದೇವೆ. ಒಬ್ಬರು ತಲೆಗೆ 16,500 ರೂಪಾಯಿ ಹೇಳಿದ್ದಾರೆ, ಉಳಿದವರದ್ದು ತುಂಬಾ ಜಾಸ್ತಿ. ಎಲ್ಲಾ ಕಾನೂನು ಪಾಲಿಸುತ್ತೇವೆ ಅಂತ ಬರೆದುಕೊಟ್ಟಿದ್ದಾರೆ. ಕಮ್ಮಿಯವರಿಗೇ ಕೊಡಿ ಅಂತ ಸದಸ್ಯರು ಪಟ್ಟು ಹಿಡಿದಿದ್ದಾರೆ. ಖಜಾಂಚಿಯಾಗಿ ನಾನೇನು ಹೇಳಲಿ?
– ಮೈಸೂರು

ಉತ್ತರ: ಮಾತು ಬೇಡ, ಮೀಟಿಂಗಿನಲ್ಲಿ ಬೋರ್ಡ್ ಮೇಲೆ ಲೆಕ್ಕ ಬರೆಯಿರಿ. ನಿಮ್ಮ ವಲಯದ ಈಗಿನ ಕನಿಷ್ಠ ಕೂಲಿ ಎಷ್ಟು ಅಂತ ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಲೆಕ್ಕಕ್ಕೆ ಸುಲಭ ಆಗಲಿ ಅಂತ ನಾನು 15,000 ಹಿಡಿಯುತ್ತೇನೆ. ಅದರ ಮೇಲೆ ಮಾಲೀಕರ ಕಡೆಯ ಪಿಎಫ್, ಇತರ ಚಾರ್ಜು ಸೇರಿ ಶೇ 13, ಅಂದರೆ 1,950. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 3.25, ಅಂದರೆ 488. ಕನಿಷ್ಠ ಬೋನಸ್ ಶೇ 8.33, ಅಂದರೆ 1,250. ಮೊತ್ತ 18,688. ಇನ್ನೂ ಯೂನಿಫಾರ್ಮ್ ಬಂದಿಲ್ಲ, ರಜೆಯ ದಿನದ ರಿಲೀವರ್ ಬಂದಿಲ್ಲ, ಗುತ್ತಿಗೆದಾರನ ಲಾಭ ಬಂದಿಲ್ಲ, ಪೊರಕೆ ಫಿನಾಯಿಲ್ಲೂ ಬಂದಿಲ್ಲ. 16,500ಕ್ಕೆ ಒಪ್ಪಿಕೊಂಡವರು ಧರ್ಮಕ್ಕೆ ಕೆಲಸ ಮಾಡುತ್ತಾರಾ? ಕಮ್ಮಿ ಬಿದ್ದ ದುಡ್ಡು ಬರುವುದು ಎಲ್ಲೋ ಒಂದು ಕಡೆಯಿಂದ. ಪಿಎಫ್ ಕಟ್ಟುವುದಿಲ್ಲ, ಇಲ್ಲವೇ ಹತ್ತು ಜನರ ಬಿಲ್ಲಿಗೆ ಏಳು ಜನ ದುಡಿಯುತ್ತಾರೆ, ಇಲ್ಲವೇ ಖಾತೆಗೆ ಹಾಕಿದ ಸಂಬಳದಲ್ಲಿ ಸ್ವಲ್ಪ ನಗದಾಗಿ ವಾಪಸ್ ಬರುತ್ತದೆ. ನನ್ನ ಅನುಭವದಲ್ಲಿ ಸೈಟಿನ ಅನ್ಯಾಯದ ಬಹುಪಾಲು ಕೊಟೇಶನ್ ಒಪ್ಪಿಕೊಂಡ ದಿನವೇ ನಿರ್ಧಾರವಾಗಿರುತ್ತದೆ. ಗುತ್ತಿಗೆದಾರರನ್ನು ಬೈಯುವ ಮೊದಲು ನಿಮ್ಮ ಸದಸ್ಯರು ಇದನ್ನು ನೋಡಲಿ.

ಅದೇ ಕೊಟೇಶನ್ನಿನಲ್ಲಿ ‘ಎಸ್‌ಟಿಪಿ, ಸೆಪ್ಟಿಕ್ ಟ್ಯಾಂಕ್ ಕ್ಲೀನಿಂಗ್ ಉಚಿತ’ ಅಂತ ಸಾಲಿದೆಯಾ ನೋಡಿ (ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ). ಇದ್ದರೆ ಈಗಲೇ ಹೊಡೆದುಹಾಕಿ. ಸುರಕ್ಷತಾ ಸಾಧನ ಇಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ. ಚರಂಡಿ ಸ್ವಚ್ಛ ಮಾಡುವಾಗ ಸತ್ತವರ ಕುಟುಂಬಕ್ಕೆ ಪರಿಹಾರ 30 ಲಕ್ಷ ರೂಪಾಯಿ ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಆ ಕೆಲಸಕ್ಕೆ ಯಂತ್ರ ಇರುವವರನ್ನು ಬೇರೆಯಾಗಿಯೇ ಕರೆಸಿ, ಬೇರೆಯಾಗಿಯೇ ದುಡ್ಡು ಕೊಡಿ.

ಯಾರಿಗೇ ಕಾಂಟ್ರಾಕ್ಟ್ ಕೊಟ್ಟರೂ, ಪ್ರತಿ ತಿಂಗಳ ಬಿಲ್ ಜೊತೆ ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್ ಮತ್ತು ಹೆಸರುಗಳ ಪಟ್ಟಿ ಇರಬೇಕು ಅಂತ ಕರಾರಿನಲ್ಲಿ ಬರೆಸಿ. ಪಟ್ಟಿಯಲ್ಲಿರುವ ಹೆಸರಿನವರೇ ನಿಮ್ಮ ಮೆಟ್ಟಿಲು ಗುಡಿಸುತ್ತಿದ್ದಾರಾ ಅಂತ ಒಂದು ಬೆಳಗ್ಗೆ ಕೆಳಗಿಳಿದು ನೋಡಿ. ಗುಡ್ ಮಾರ್ನಿಂಗ್ ಹೇಳಿ ಹೆಸರು ಕೇಳಿದರೆ ಅವರೇ ಹೇಳುತ್ತಾರೆ. ಅವರು ಬಿಲ್ ಕೊಟ್ಟ ವಾರದೊಳಗೆ ನೀವೂ ದುಡ್ಡು ಕೊಟ್ಟುಬಿಡಿ. ನೀವು ಎರಡು ತಿಂಗಳು ಬಿಲ್ ತಡೆದರೆ, ಅಲ್ಲಿ ಸಂಬಳವೂ ಎರಡು ತಿಂಗಳು ನಿಲ್ಲುತ್ತದೆ.